ಮಂಡ್ಯದ ಹಳಿ, ಲಂಡನ್ನಿನ ಬಡ್ಡಿ

ಬೆಂಗಳೂರಿಂದ ಮದ್ದೂರು, ಮಂಡ್ಯ ದಾಟಿ 1882ರಲ್ಲಿ ಮೈಸೂರು ಮುಟ್ಟಿದ ಮೀಟರ್ ಗೇಜ್ ಹಳಿಗೆ ದುಡ್ಡು ಸುರಿದದ್ದು ಸಂಸ್ಥಾನದ ಬೊಕ್ಕಸ. 1886ರಲ್ಲಿ ಅದು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೈಗೆ ಹೋಯಿತು. ಕಂಪನಿ ಲಂಡನ್ನಿನಲ್ಲಿ ಎತ್ತಿದ ಸಾಲ 12 ಲಕ್ಷ ಪೌಂಡು, ಬಡ್ಡಿ ನೂರಕ್ಕೆ 4. ಹೊಣೆ ಮಾತ್ರ ಮೈಸೂರಿನದು.

ಏಟು ಬೀಳುವುದು ವಿನಿಮಯದಲ್ಲಿ. ವರ್ಷದ ಬಡ್ಡಿ 48,000 ಪೌಂಡು. ಪೌಂಡಿಗೆ 20 ಷಿಲಿಂಗ್, ಷಿಲಿಂಗಿಗೆ 12 ಪೆನ್ಸ್; ರೂಪಾಯಿಗೆ 2 ಷಿಲಿಂಗ್ ಲೆಕ್ಕ ಹಿಡಿದರೆ 4.8 ಲಕ್ಷ ರೂಪಾಯಿ. ಆಗಿನ ರೂಪಾಯಿ ಬೆಳ್ಳಿ ನಾಣ್ಯ; ಬೆಳ್ಳಿಯ ಬೆಲೆ ಕುಸಿದು ಅದು 1 ಷಿಲಿಂಗ್ 4 ಪೆನ್ಸಿಗೆ ಇಳಿದರೆ ಅದೇ ಬಡ್ಡಿಗೆ 7.2 ಲಕ್ಷ! ರೈತ ಕಟ್ಟುವ ಕಂದಾಯ, ಟಿಕೆಟ್ಟಿನ ದುಡ್ಡು ಎರಡೂ ರೂಪಾಯಿಯಲ್ಲೇ. ಹಳೆಯ ಸಾಲಪತ್ರ ಓದುವಾಗ ಬಡ್ಡಿ ದರಕ್ಕಿಂತ ಮೊದಲು ಯಾವ ನಾಣ್ಯದಲ್ಲಿ ತೀರಿಸಬೇಕೆಂದು ನೋಡಿ.

ಇದು ಸಾಲದೆಂಬಂತೆ ಬ್ರಿಟಿಷರಿಗೆ ವರ್ಷವರ್ಷ ಪೊಗದಿ (ಕಪ್ಪ): 24.5 ಲಕ್ಷ ರೂಪಾಯಿ, 1896ರಿಂದ 35 ಲಕ್ಷ.