ಕಿಲ್ ಕಾಟ: ಕಾಡೋ, ಚರ್ಚೋ?

ಐರ್ಲೆಂಡಿನ ಊರಹೆಸರುಗಳ ಅರ್ಥ ತೋರಿಸುವ ಮರದ ನಕ್ಷೆ ಮಾಡುತ್ತಿದ್ದೇನಲ್ಲ, ಅದರ ಕೆಲಸ ಕೊನೆಗೂ ಮುಂದಕ್ಕೆ ಹೋಯಿತು. ಪ್ಲೈವುಡ್ ಕತ್ತರಿಸಿದ್ದು, ಉಜ್ಜಿದ್ದು, ಕೌಂಟಿಗಳನ್ನು (ನಮ್ಮ ಜಿಲ್ಲೆಗಳ ಹಾಗೆ) ಜೋಡಿಸಿದ್ದು ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ಇಷ್ಟು ದಿನ ನನ್ನನ್ನು ಕೂರಿಸಿಬಿಟ್ಟಿದ್ದು ಊರಹೆಸರುಗಳಲ್ಲಿ ಬರುವ ‘ಕಿಲ್’ ಅನ್ನುವ ಒಂದು ಚೂರು.

ನೆನಪಿಗೆ ಒಂದು ಸಾಲು: ಪ್ರತಿ ಊರಿಗೂ ಒಂದು ಮರದ ಬಿಲ್ಲೆ, ಅದರ ಮೇಲೆ ಹೆಸರಿನ ಅರ್ಥ ಕನ್ನಡದಲ್ಲಿ. ಕಾಡಿನ ಹೆಸರಿಗೆ ಹಸಿರು ಬಣ್ಣ, ಚರ್ಚಿನದಕ್ಕೆ ಬಿಳಿ, ನೀರಿನದಕ್ಕೆ ನೀಲಿ. ಡನ್ ಅಂದರೆ ಕೋಟೆ, ನಾಕ್ ಅಂದರೆ ಗುಡ್ಡ, ಇವೆಲ್ಲ ಸಲೀಸಾಗಿ ಮುಗಿದವು. ಬ್ಯಾಲಿ ಅಂದರೆ ಸಾಮಾನ್ಯವಾಗಿ ಊರು. ಆದರೆ ಮೇಯೋ ಕೌಂಟಿಯ ಬ್ಯಾಲಿನಾ ಅನ್ನುವ ಹೆಸರಿನಲ್ಲಿ ಊರೂ ಇಲ್ಲ ಕೇರಿಯೂ ಇಲ್ಲ, ಅದು ಹೊಳೆ ದಾಟುವ ಜಾಗದ ಬಾಯಿ. ಆ ಕಿತಾಪತಿ ಇನ್ನೊಂದು ದಿನಕ್ಕಿರಲಿ.

ಐರಿಷ್‌ನಲ್ಲಿ ‘ಕಿಲ್’ ಅಂದರೆ ಚರ್ಚು, ‘ಕ್ವಿಲ್’ ಅಂದರೆ ಕಾಡು. ಎರಡೂ ಬೇರೆ ಬೇರೆ ಪದ, ಬೇರೆ ಬೇರೆ ಉಚ್ಚಾರ. ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದು ಬರೆದು ಎರಡನ್ನೂ ಒಂದೇ ಸ್ಪೆಲಿಂಗಿಗೆ ತಂದು ಕಟ್ಟಿದರು. ನಕ್ಷೆ ನೋಡಿದರೆ ಎಲ್ಲೆಲ್ಲೂ ಕಿಲ್. ಹಸಿರು ಬಳಿಯಬೇಕೋ ಬಿಳಿಯೋ?

ಊರು ನೋಡಿ ಊಹಿಸೋಣ ಅಂದರೆ ಅಲ್ಲೇ ಗುಂಡಿ. ಕಿಲ್ಲಾರ್ನಿಯನ್ನೇ ತೆಗೆದುಕೊಳ್ಳಿ. ಸುತ್ತ ಸರೋವರ, ರಾಷ್ಟ್ರೀಯ ಉದ್ಯಾನ, ಹಳೆಯ ಓಕ್ ಕಾಡು. ಯಾರಿಗಾದರೂ ಕೈ ಹಸಿರು ಡಬ್ಬಿಗೇ ಹೋಗುತ್ತದೆ ಅಲ್ವಾ? ಆದರೆ ಅದು ಚರ್ಚು. ಸ್ಲೋ ಅನ್ನುವ ಮುಳ್ಳುಗಿಡದ ಕಾಯಿಯ ಹೆಸರು ಹೊತ್ತ ಚರ್ಚು. ಕಿಲ್ಡೇರ್ ಕೂಡ ಹಾಗೇ, ಓಕ್ ಮರದ ಚರ್ಚು. ಹೆಸರಲ್ಲೇ ಮರ ಇದ್ದರೂ ಬಿಲ್ಲೆ ಬಿಳಿಯದೇ. ಸಂತ ಬ್ರಿಜಿಡ್ ಅಲ್ಲಿ ಮಠ ಕಟ್ಟಲು ಲೆನ್‌ಸ್ಟರ್ ಪ್ರಾಂತದ ರಾಜನ ಹತ್ತಿರ ಜಾಗ ಕೇಳಿದಳಂತೆ. ಅವನು ಕೊಡಲಿಲ್ಲ. ‘ನನ್ನ ಮೇಲುಹೊದಿಕೆ ಮುಚ್ಚುವಷ್ಟಾದರೂ ಕೊಡು’ ಅಂದಳು. ಅಷ್ಟೇ ತಾನೇ ಅಂತ ಒಪ್ಪಿದ. ಹೊದಿಕೆ ಹಾಸಿದರೆ ಹರಡುತ್ತಾ ಹರಡುತ್ತಾ ಕರಾ ಬಯಲನ್ನೇ ನುಂಗಿತು. ಇವತ್ತು ಅಲ್ಲಿ ಕುದುರೆ ಓಡುತ್ತವೆ. ಈ ಕಥೆಗಾಗಿ ಆ ಬಿಲ್ಲೆಯ ಅಂಚಿಗೆ ಮಾತ್ರ ಒಂದು ಹಸಿರು ಗೆರೆ ಎಳೆದಿದ್ದೇನೆ. ನಿಯಮ ಮಾಡಿದವನು ನಾನೇ, ಮುರಿಯುವವನೂ ನಾನೇ.

ತಿರುವುಮುರುವಿನ ಕೇಸು ಮೇಯೋದ ಕಿಲ್ಟಿಮಾ. ಬರವಣಿಗೆಯಲ್ಲಿ ಅಪ್ಪಟ ಚರ್ಚು. ಐರಿಷ್ ಹೆಸರು ತೆಗೆದು ನೋಡಿದರೆ ಮೊದಲ ಚೂರು ‘ಕ್ವಿಲ್ಚೆ’, ಅಂದರೆ ಕಾಡುಗಳು! ಡಬ್ಲಿನ್ ಜನ ಹಳ್ಳಿಯವರನ್ನು ‘ಕಲ್ಚಿ’ ಅಂತ ಗೇಲಿ ಮಾಡುತ್ತಾರಲ್ಲ, ಆ ಮಾತು ಈ ಊರಿಂದಲೇ ಬಂದಿದ್ದು ಅಂತ ಹೇಳುವುದುಂಟು.

ಗಂಟು ಬಿಚ್ಚಿದ್ದು ಒಂದೇ ಕೀಲಿಯಿಂದಲ್ಲ. ಕಿಲ್ ಹಿಂದೆ ಸಂತನ ಹೆಸರು ಅಂಟಿಕೊಂಡಿದ್ದರೆ ಬಹುತೇಕ ಚರ್ಚು. ಕಿಲ್ಕೆನ್ನಿ ಕ್ಯಾನಿಸ್ ಸಂತನದು, ಕಿಲ್ಮೇನಮ್ ಮೈನನ್ ಸಂತನದು. ಸಂತ ಸಿಗದಿದ್ದರೆ ಲಾಗನಿಮ್ ಅನ್ನುವ ಐರ್ಲೆಂಡ್ ಊರಹೆಸರುಗಳ ದತ್ತಾಂಶಕೋಶದಲ್ಲಿ ಹಳೆಯ ಬರವಣಿಗೆಗಳನ್ನು ಸಾಲಾಗಿ ನೋಡಬೇಕು. ಅದರ ಹಿಂದಿರುವ ದುಡಿಮೆ ನೆನೆದರೆ ಕೈ ಮುಗಿಯಬೇಕು ಅನಿಸುತ್ತದೆ. ಐರಿಷ್ ವಿದ್ವಾಂಸ ಜಾನ್ ಓಡೊನೊವನ್ 1830ರಲ್ಲಿ ಆರ್ಡ್ನನ್ಸ್ ಸರ್ವೆಗೆ (ನಕ್ಷೆ ಮಾಡುವ ಸರ್ಕಾರಿ ಇಲಾಖೆ) ಸೇರಿ ಕೌಂಟಿ ಕೌಂಟಿ ಅಲೆದ. ಐರಿಷ್ ಮಾತಾಡುವ ಮುದುಕರನ್ನು ಹುಡುಕಿ, ‘ನಿಮ್ಮೂರ ಹೆಸರು ಹೇಳಿ’ ಅಂತ ಕೇಳಿ, ಕಿವಿಗೊಟ್ಟು ಬರೆದುಕೊಂಡ. ಕಿಲ್ಲಿಗೂ ಕ್ವಿಲ್ಲಿಗೂ ಇರುವ ವ್ಯತ್ಯಾಸ ಉಳಿದಿದ್ದು ಆ ಮುದುಕರ ಬಾಯಲ್ಲಿ, ಕಾಗದದಲ್ಲಲ್ಲ.

ಆದರೂ ಜಗ್ಗದೇ ಕೂತಿದ್ದು ಕಿಲೀನ್. ಈ ಹೆಸರಿನ ಜಾಗಗಳು ದೇಶದ ತುಂಬ ಇವೆ. ಸಣ್ಣ ಚರ್ಚೂ ಆಗಬಹುದು, ಸಣ್ಣ ಕಾಡೂ ಆಗಬಹುದು. ಸಂತನ ಸುಳಿವೂ ಇರುವುದಿಲ್ಲ. ನಾನು ಹಿಡಿದ ಒಂದು ಕಿಲೀನ್‌ಗೆ ಉತ್ತರ ಸಿಕ್ಕಿದ್ದು ಹಳೆಯ, ಮೈಲಿಗೆ ಆರಿಂಚಿನ ಅಳತೆಯ ನಕ್ಷೆಯಲ್ಲಿ. ದೊಡ್ಡದು ಮಾಡಿ ನೋಡಿದರೆ ಹೊಲದ ಮೂಲೆಯಲ್ಲಿ ಒಂದು ಪುಟ್ಟ ದುಂಡನೆಯ ಆವರಣ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಮಕ್ಕಳ ಸ್ಮಶಾನ’ ಅಂತ ಇಂಗ್ಲಿಷಿನಲ್ಲಿ ಬರೆದಿದೆ. ಜ್ಞಾನಸ್ನಾನ ಆಗುವ ಮೊದಲೇ ಸತ್ತ ಕೂಸುಗಳನ್ನು ಚರ್ಚಿನ ನೆಲದಲ್ಲಿ ಹೂಳಲು ಬಿಡುತ್ತಿರಲಿಲ್ಲ. ಪಾಳುಬಿದ್ದ ಹಳೇ ಚರ್ಚಿನ ಜಾಗಕ್ಕೋ, ಹಳೇ ಮಣ್ಣುಕೋಟೆಗೋ ಒಯ್ಯುತ್ತಿದ್ದರು. ಅಂಥ ಜಾಗಕ್ಕೂ ಕಿಲೀನ್ ಅಂತಲೇ ಕರೆಯುತ್ತಾರೆ. ಅಲ್ಲಿಗೆ ಇದು ಚರ್ಚಿನ ಕಿಲ್. ಬಿಲ್ಲೆಗೆ ಬಿಳಿ ಬಳಿದೆ. ಅರ್ಥ ಏನು ಕೆತ್ತಿಸಬೇಕು ಅಂತ ಇನ್ನೂ ತೀರ್ಮಾನಿಸಿಲ್ಲ. ‘ಸಣ್ಣ ಚರ್ಚು’ ಅಂತ ಬರೆದು ಕೈ ತೊಳೆದುಕೊಳ್ಳಲು ಮನಸ್ಸಿಲ್ಲ.

ಕೆತ್ತಿಸುವ ಮಾತು ಬಂತಲ್ಲ, ಲೇಸರ್ ಅಂಗಡಿಯವನಿಗೆ ನನ್ನ ಸಾಷ್ಟಾಂಗ ನಮಸ್ಕಾರ. ಅಕ್ಷರವನ್ನೆಲ್ಲ ಗೆರೆಗಳಾಗಿ ಮಾಡಿಕೊಟ್ಟ ಫೈಲನ್ನು ಬಿಟ್ಟು, ಸ್ಯಾಂಪಲ್ ನೋಡಲಿ ಅಂತ ಕಳಿಸಿದ್ದ ಹಳೇ ಫೈಲ್ ಹಾಕಿ ಕೆತ್ತಿದ. ‘ಚರ್ಚು’ಗಳ ಅರ್ಕಾವತ್ತು ಕಿತ್ತುಬಂದು ಎಲ್ಲ ಕಡೆ ‘ಚರ್ ಚು’. ಕೇಳಿದರೆ ‘ನಿಮ್ಮ ಭಾಷೆ ಹೀಗೇ ಇರಬೇಕು ಅಂದುಕೊಂಡೆ’ ಅಂದ! ಮತ್ತೆ ಕೆತ್ತಲು ಮತ್ತೆ ದುಡ್ಡು. ಬರ್ಚ್ ಪ್ಲೈ ಬೆಲೆ ಬೇರೆ ಜಾಸ್ತಿ ಆಗಿದೆ. ಹಾಳಾದ ಬಿಲ್ಲೆಗಳ ಹಿಂಬದಿ ಚೆನ್ನಾಗಿದೆ, ಎಸೆದಿಲ್ಲ.

ಅವಕ್ಕೆ ಕೆಲಸವೂ ರೆಡಿ ಇದೆ. ಮುಂದಿನ ನಕ್ಷೆ ಹಳೆಯ ಐರಿಷ್ ಪುರಾಣಕಥೆಯ ಹೋರಿಯದು. ಕೂಲಿ ನಾಡಿನ ಕಂದು ಹೋರಿ ಕೊನಾಕ್ಟ್‌ನ ಬಿಳಿಗೊಂಬಿನ ಹೋರಿಯನ್ನು ತಿವಿದು ಕೊಂದು, ಅದರ ತುಂಡುಗಳನ್ನು ಕೊಂಬಿನಲ್ಲಿ ಸಿಕ್ಕಿಸಿಕೊಂಡೇ ಮನೆ ಕಡೆ ಹೊರಟಿತಂತೆ. ಸೊಂಟದ ಮಾಂಸ ಬಿದ್ದಲ್ಲಿ ಅಥ್ಲೋನ್, ಪಿತ್ತಜನಕಾಂಗ ಬಿದ್ದಲ್ಲಿ ಟ್ರಿಮ್. ವಿದ್ವಾಂಸರು ಒಪ್ಪುವುದಿಲ್ಲ. ಅಥ್ಲೋನ್ ಲುಅನ್ ಅನ್ನುವವನ ಹೆಸರಿನದು, ಟ್ರಿಮ್ ಎಲ್ಡರ್ ಗಿಡದ್ದು ಅನ್ನುತ್ತಾರೆ. ಅದಕ್ಕೇ ಬಿಲ್ಲೆಗೆ ಎರಡು ಮುಖ ಮಾಡುತ್ತೇನೆ: ಒಂದು ಕಡೆ ಹೋರಿ ಕಥೆ, ತಿರುಗಿಸಿದರೆ ವಿದ್ವಾಂಸರ ಅರ್ಥ. ತಿರುಗಲು ನಡುವೆ ಹಿತ್ತಾಳೆ ಕಡ್ಡಿ ಸಾಕೋ, ಸಣ್ಣ ಬೇರಿಂಗೇ ಬೇಕೋ? ಮಾಡಿ ನೋಡಿದವರು ಹೇಳಿ. ಈ ಸಲ ಕೆತ್ತನೆ ಬೇರೆ ಅಂಗಡಿಯಲ್ಲಿ.