ರೂಟ್ ಪಾಸ್‌ವರ್ಡ್ ಕೈಗೆ ಬಂದ ಮೇಲೆ

ಬಾಗಲಕೋಟೆಯ ನವನಗರದಲ್ಲಿ ಯಾರಾದರೂ ನನ್ನ ಕೆಲಸವೇನೆಂದು ವಿಚಾರಿಸಿದಾಗ ಸರ್ವರ್ ನೋಡಿಕೊಳ್ಳುತ್ತೇನೆ ಎಂದರೆ, ಮರುಮಾತು ಹೆಚ್ಚಾಗಿ "ಹಂಗಾದ್ರ ನಮ್ಮ ಅಂಗಡ್ಯಾಗಿನ ಪ್ರಿಂಟರ್ ಒಂದೀಟ ನೋಡ್ರಿ" ಎಂಬುದೇ ಆಗಿರುತ್ತದೆ. ಯೂನಿಕ್ಸ್ ಮತ್ತು ಅದರ ಮಾದರಿಯ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಗಳು ಓಡುವ ಯಂತ್ರಗಳ ನಡುವೆ ಎರಡು ದಶಕಗಳ ಹತ್ತಿರ ಕಳೆದಿದ್ದೇನೆ. ಪ್ರಿಂಟರ್ ಮಾತ್ರ ಇಂದಿಗೂ ನನಗೆ ಒಲಿದಿಲ್ಲ.

ವಿಟಿಯು ಪಠ್ಯದಲ್ಲಿ ನಮಗೆ ಯೂನಿಕ್ಸ್ ಮತ್ತು ಶೆಲ್ ಪ್ರೋಗ್ರಾಮಿಂಗ್ ಇತ್ತು. ಲ್ಯಾಬಿನಲ್ಲಿ ಗ್ರೆಪ್, ಸೆಡ್, ಆಕ್ ಮುಂತಾದ ಕಮಾಂಡುಗಳನ್ನೆಲ್ಲ ಬಾಯಿಪಾಠ ಮಾಡಿ ಪರೀಕ್ಷೆ ಬರೆದೆವು. ಆದರೆ ಅಲ್ಲಿ ನಮ್ಮದು ಸಾಧಾರಣ ಖಾತೆಯಾಗಿದ್ದರಿಂದ ಎಂತಹ ತಪ್ಪು ಕಮಾಂಡ್ ಕೊಟ್ಟರೂ ಅನುಮತಿ ಇಲ್ಲವೆಂಬ ಒಂದು ಸಾಲು ಬರುತ್ತಿತ್ತೇ ಹೊರತು ಯಾವುದೂ ಕೆಡುತ್ತಿರಲಿಲ್ಲ. ನೌಕರಿಗೆ ಸೇರಿದ ಮೇಲೆ ಯಾವ ತಡೆಯೂ ಇಲ್ಲದ ಖಾತೆಯಾದ ರೂಟ್‌ನ ಪಾಸ್‌ವರ್ಡ್ ಕೊಟ್ಟರು. ಆ ಒಂದು ಸಾಲಿನ ರಕ್ಷಣೆ ಅಂದಿಗೆ ಹೋಯಿತು. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯೂನಿಕ್ಸ್ ವ್ಯವಸ್ಥೆ ಮೊದಲಿಗೆ ಅವರದೇ ಬಳಕೆಗೆ ಹುಟ್ಟಿದ್ದು. ಕೀಲಿಮಣೆಯ ಮುಂದೆ ಕುಳಿತವನಿಗೆ ತಾನು ಏನು ಮಾಡುತ್ತಿದ್ದೇನೆಂಬುದು ತಿಳಿದಿದೆ ಎಂದೇ ಅದು ನಂಬುತ್ತದೆ. ಕೆಲಸ ಸರಿಯಾಗಿ ಮುಗಿದರೆ ಒಂದು ಮಾತೂ ಆಡುವುದಿಲ್ಲ, ಸರ್ವನಾಶವಾಗುವ ಮುನ್ನ "ಖಚಿತವೇ?" ಎಂದು ಕೇಳುವುದೂ ಇಲ್ಲ.

ಇದನ್ನು ನಾನು ಕಲಿತದ್ದು 2007ರ ಒಂದು ಮಧ್ಯಾಹ್ನ, ಬೆಂಗಳೂರಿನಲ್ಲಿ, ಕೆಲಸಕ್ಕೆ ಸೇರಿ ವರ್ಷ ತುಂಬುವ ಮೊದಲು. ಲಿನಕ್ಸ್ ಯಂತ್ರಗಳ ಜೊತೆಗೆ ಸನ್ ಕಂಪನಿಯ ಕೆಲವು ಸ್ಪಾರ್ಕ್ ಸರ್ವರುಗಳೂ ನಮ್ಮ ಪಾಲಿಗಿದ್ದವು, ಅವುಗಳಲ್ಲಿ ಆ ಕಂಪನಿಯದೇ ಯೂನಿಕ್ಸ್ ಆದ ಸೊಲಾರಿಸ್ ಓಡುತ್ತಿತ್ತು. ವೆಬ್ ಸರ್ವರಿನ ಕೆಲವು ಓಡುತ್ತಿರುವ ಪ್ರೋಗ್ರಾಂಗಳು, ಅಂದರೆ ಪ್ರೊಸೆಸ್‌ಗಳು ಸಿಕ್ಕಿಕೊಂಡಿವೆ ಎಂದು ದೂರು ಬಂತು. ಲಿನಕ್ಸ್‌ನಲ್ಲಿ ಇದಕ್ಕೆ ಕಿಲ್‌ಆಲ್ ಎಂಬ ಕಮಾಂಡ್ ಇದೆ, ಮುಂದೆ ಹೆಸರು ಕೊಟ್ಟರೆ ಆ ಹೆಸರಿನ ಪ್ರೊಸೆಸ್‌ಗಳಷ್ಟೇ ಸಾಯುತ್ತವೆ. ಕೈಗೆ ರೂಢಿಯಾಗಿದ್ದ ಅದನ್ನೇ ಸೊಲಾರಿಸ್ ಪರದೆಯಲ್ಲಿ, ರೂಟ್ ಆಗಿದ್ದುಕೊಂಡೇ, ಟೈಪ್ ಮಾಡಿ ಎಂಟರ್ ಒತ್ತಿದೆ. ಕರ್ಸರ್ ಒಂದು ಕ್ಷಣ ನಿಂತಿತು, ಆಮೇಲೆ ಸಂಪರ್ಕವೇ ಕಡಿದುಹೋಯಿತು. ನೆಟ್‌ವರ್ಕ್ ಹೋಗಿರಬೇಕೆಂದು ನಾನು ಪಕ್ಕದವನನ್ನು ಕೇಳುವಷ್ಟರಲ್ಲಿ ಮೂರು ಮೇಜುಗಳ ಫೋನುಗಳು ಒಟ್ಟಿಗೇ ರಿಂಗಣಿಸತೊಡಗಿದವು. ಸೊಲಾರಿಸ್ ಸೇರಿದಂತೆ ಸಿಸ್ಟಂ ಫೈವ್ ವಂಶದ ಯೂನಿಕ್ಸ್‌ಗಳಲ್ಲಿ ಕಿಲ್‌ಆಲ್ ಎಂದರೆ ಅಕ್ಷರಶಃ ಎಲ್ಲವನ್ನೂ ಕೊಲ್ಲು ಎಂದರ್ಥ. ಯಂತ್ರವನ್ನು ಮುಚ್ಚುವ ಹೊತ್ತಿಗೆಂದು ಮಾಡಿಟ್ಟ ಕಮಾಂಡ್ ಅದು. ಡೇಟಾಬೇಸ್, ವೆಬ್ ಸರ್ವರ್, ದೂರದಿಂದ ನಾನು ಒಳಗೆ ಹೋಗಿದ್ದ ಎಸ್‌ಎಸ್‌ಎಚ್ ಬಾಗಿಲು, ಎಲ್ಲವನ್ನೂ ನಾನೇ ಮುಗಿಸಿದ್ದೆ.

ನಮ್ಮ ಹಿರಿಯ ಸಹೋದ್ಯೋಗಿ ಬೈಯಲಿಲ್ಲ. ಡೇಟಾ ಸೆಂಟರಿನವರಿಗೆ ಫೋನ್ ಮಾಡಿ ಯಂತ್ರಕ್ಕೇ ನೇರವಾಗಿ ಜೋಡಿಸಿದ ಕನ್ಸೋಲ್ ಹಿಡಿದು ಸೇವೆಗಳನ್ನು ಒಂದೊಂದಾಗಿ ಎಬ್ಬಿಸಿದರು, ಸಂಜೆ ಚಹಾ ಕುಡಿಯುತ್ತ, ಕಮಾಂಡ್ ಟೈಪ್ ಮಾಡಿದ ಮೇಲೆ ಎರಡೂ ಕೈಗಳನ್ನು ಕೀಲಿಮಣೆಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು ಅದನ್ನೊಮ್ಮೆ ಓದಬೇಕು ಎಂದರು. ಯಾವ ಯಂತ್ರ, ಯಾರ ಹೆಸರಿನಲ್ಲಿ ಒಳಗಿದ್ದೇನೆ, ಯಾವ ಡೈರೆಕ್ಟರಿ, ಈ ಮೂರನ್ನು ನೋಡದೆ ಎಂಟರ್ ಇಲ್ಲ. ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದ ನನ್ನ ಅಪ್ಪ ಇದೇ ಮಾತನ್ನು ಬೇರೆ ರೀತಿಯಲ್ಲಿ ಹೇಳುತ್ತಿದ್ದರು: ಎಳೆ ಹರಿದದ್ದು ಕಣ್ಣಿಗೆ ಬಿದ್ದರೆ ಮಗ್ಗ ನಿಲ್ಲಿಸಬೇಕು, ಇನ್ನೆರಡು ಗೇಣು ನೇಯ್ದು ಆಮೇಲೆ ನೋಡುತ್ತೇನೆ ಎಂದವನ ಖಣವನ್ನು ಸಾವ್ಕಾರ ಪಕ್ಕಕ್ಕೆಸೆಯುತ್ತಾನೆ. ಅಂದಿನಿಂದ ಫೈಲು ಅಳಿಸುವ ಆರ್‌ಎಂ ಕಮಾಂಡ್ ಹೊಡೆಯುವ ಮುನ್ನ ಅದೇ ಹಾದಿಗೆ ಮೊದಲು ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಕೊಟ್ಟು ಅಳಿಯಲಿರುವುದು ಏನೆಂದು ಕಣ್ಣಾರೆ ನೋಡುತ್ತೇನೆ.

ಹೊಸಬರು ಸಾಮಾನ್ಯವಾಗಿ ಎಡವುವುದು ಡಿಸ್ಕ್ ತುಂಬಿದಾಗ. ಕಳೆದ ಮಳೆಗಾಲದಲ್ಲಿ ತಂಡದ ಹುಡುಗನೊಬ್ಬ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ಡಿಸ್ಕಿನ ಜಾಗ ತೋರಿಸುವ ಡಿಎಫ್ ಕಮಾಂಡ್ ನೂರು ಜಿಬಿ ಪೂರ್ತಿ ತುಂಬಿದೆ ಎನ್ನುತ್ತಿದೆ, ಫೈಲುಗಳ ಗಾತ್ರ ಎಣಿಸುವ ಡಿಯು ಹಾಕಿ ಕೂಡಿಸಿದರೆ ನಲವತ್ತೂ ಸಿಗುತ್ತಿಲ್ಲ, ದೊಡ್ಡ ಲಾಗ್ ಫೈಲನ್ನು ಅಳಿಸಿದರೂ ಜಾಗ ಮರಳಿಲ್ಲ, ಸರ್ವರನ್ನೇ ರೀಬೂಟ್ ಮಾಡಲೇ ಎಂದು ಕೇಳಿದ. ಯೂನಿಕ್ಸ್‌ನಲ್ಲಿ ಫೈಲಿನ ಹೆಸರು ಬೇರೆ, ಫೈಲು ಬೇರೆ. ಡೈರೆಕ್ಟರಿಯಲ್ಲಿರುವುದು ಹೆಸರು ಮತ್ತು ಐನೋಡ್ ಎಂಬ ಸಂಖ್ಯೆ ಮಾತ್ರ. ಆರ್‌ಎಂ ಅಳಿಸುವುದು ಆ ಹೆಸರನ್ನು. ಯಾವುದಾದರೂ ಪ್ರೊಸೆಸ್ ಆ ಫೈಲನ್ನು ತೆರೆದುಕೊಂಡು ಕುಳಿತಿದ್ದರೆ ಅದು ಮುಚ್ಚುವವರೆಗೂ ಡಿಸ್ಕಿನ ಜಾಗ ಬಿಡುಗಡೆಯಾಗುವುದಿಲ್ಲ. ಪಂಚಾಯಿತಿ ದಫ್ತರಿನಿಂದ ಹೆಸರು ಹೊಡೆದ ಮಾತ್ರಕ್ಕೆ ಬಾಡಿಗೆದಾರ ಮನೆ ಖಾಲಿ ಮಾಡಿದಂತಾಗುತ್ತದೆಯೇ? ಡಿಯು ಹೆಸರುಗಳನ್ನು ಹಿಡಿದು ಎಣಿಸುತ್ತದೆ, ಡಿಎಫ್ ಫೈಲ್ ಸಿಸ್ಟಮ್ಮನ್ನೇ ಕೇಳುತ್ತದೆ, ಅದಕ್ಕೇ ಎರಡರ ಲೆಕ್ಕ ಕೂಡುವುದಿಲ್ಲ. ಯಾವ ಪ್ರೊಸೆಸ್ ಯಾವ ಫೈಲು ತೆರೆದಿದೆ ಎಂದು ತೋರಿಸುವ ಎಲ್‌ಎಸ್‌ಒಎಫ್ ಹಾಕಿಸಿದೆ, ಅಳಿಸಿಹೋದ ಅದೇ ಲಾಗನ್ನು ಜಾವಾ ಪ್ರೊಸೆಸ್ ಒಂದು ಹಿಡಿದುಕೊಂಡಿತ್ತು. ಆ ಒಂದು ಸೇವೆಯನ್ನು ಮರುಚಾಲನೆ ಮಾಡುತ್ತಲೇ ಅರವತ್ತು ಜಿಬಿ ಮರಳಿತು. ಮೊದಲೇ ಫೈಲನ್ನು ಅಳಿಸುವ ಬದಲು ಖಾಲಿ ಮಾಡಿದ್ದರೆ ಅಷ್ಟೂ ಬೇಕಿರಲಿಲ್ಲ. ರೀಬೂಟ್ ಮಾಡಿದ್ದರೂ ಜಾಗ ಮರಳುತ್ತಿತ್ತು ನಿಜ, ಆದರೆ ಯಾಕೆ ತುಂಬಿತೆಂಬುದು ಆ ಹುಡುಗನಿಗೆ ಎಂದೂ ಗೊತ್ತಾಗುತ್ತಿರಲಿಲ್ಲ, ಮುಂದಿನ ತಿಂಗಳು ಮತ್ತೆ ನನಗೆ ಫೋನ್ ಬರುತ್ತಿತ್ತು.

ರೀಬೂಟ್ ಬಗ್ಗೆ ನನಗಿರುವ ಈ ಅಸಹನೆ ಅತಿಯಾಯಿತೆಂದು ಕೆಲವರು ಹೇಳುತ್ತಾರೆ. 2012ರ ಜುಲೈ 1ರ ಭಾನುವಾರ ಬೆಳಿಗ್ಗೆ ಐದೂವರೆಗೆ, ಅಂದರೆ ವಿಶ್ವ ಕಾಲಮಾನದ ಪ್ರಕಾರ ಜೂನ್ 30 ಮುಗಿಯುವಾಗ, ಭೂಮಿಯ ತಿರುಗುವಿಕೆಗೆ ಹೊಂದಿಸಲು ಗಡಿಯಾರಕ್ಕೆ ಒಂದು ಹೆಚ್ಚುವರಿ ಸೆಕೆಂಡ್, ಅಂದರೆ ಲೀಪ್ ಸೆಕೆಂಡ್, ಸೇರಿಸಲಾಯಿತು. ಲಿನಕ್ಸ್‌ನ ತಿರುಳಾದ ಕರ್ನಲಿನ ಟೈಮರ್ ದೋಷದಿಂದಾಗಿ ಜಗತ್ತಿನಾದ್ಯಂತ ಜಾವಾ ಮತ್ತು ಡೇಟಾಬೇಸ್ ಸರ್ವರುಗಳ ಸಿಪಿಯು ಒಮ್ಮೆಲೇ ನೂರಕ್ಕೆ ನೂರು ಓಡತೊಡಗಿತು. ಅನೇಕರು ಯಂತ್ರಗಳನ್ನು ಸಾಲುಸಾಲಾಗಿ ರೀಬೂಟ್ ಮಾಡಿದರು. ಮದ್ದು ಇದ್ದದ್ದು ಒಂದೇ ಸಾಲಿನಲ್ಲಿ: ಡೇಟ್ ಕಮಾಂಡ್ ಕೊಟ್ಟು ಈಗಿನ ಸಮಯವನ್ನೇ ಮತ್ತೆ ಈಗಿನ ಸಮಯಕ್ಕೆ ಹೊಂದಿಸುವುದು. ಆ ಬೆಳಿಗ್ಗೆ ನಾವೂ ಆರು ಯಂತ್ರಗಳನ್ನು ರೀಬೂಟ್ ಮಾಡಿದ ಮೇಲೆಯೇ ಅದು ನಮಗೆ ತಿಳಿದದ್ದು.

2020ರಲ್ಲಿ ಊರಿಗೆ ಮರಳಿ ಇಲ್ಲಿಂದಲೇ ಕೆಲಸ ಮುಂದುವರಿಸಿದೆ. ಅದೇ ಡಿಸೆಂಬರ್‌ನಲ್ಲಿ, ಸೆಂಟ್‌ಓಎಸ್ 8 ಎಂಬ, ನಾವು ಬಳಸುತ್ತಿದ್ದ ಲಿನಕ್ಸ್ ಆವೃತ್ತಿಯ ಬೆಂಬಲ 2021ರ ಕೊನೆಗೇ ಮುಗಿಯುತ್ತದೆ ಎಂಬ ಪ್ರಕಟಣೆ ಬಂತು. 2029ರವರೆಗೆ ನಡೆಯುತ್ತದೆಂದು ನಂಬಿ ಮನೆ ಕಟ್ಟಿಕೊಂಡಿದ್ದ ನಾವೆಲ್ಲ ಗಂಟುಮೂಟೆ ಕಟ್ಟಬೇಕಾಯಿತು. ಆಲಮಟ್ಟಿ ಹಿನ್ನೀರಿನಿಂದಾಗಿ ಹಳೆಯ ಊರು ಬಿಟ್ಟು ನವನಗರಕ್ಕೆ ಬಂದವರ ನಡುವೆ ಬದುಕುವವನಿಗೆ ಸ್ಥಳಾಂತರವೆಂದರೇನೆಂದು ಯಾರೂ ವಿವರಿಸಬೇಕಿಲ್ಲ. ದೊಡ್ಡ ಸಾಮಾನುಗಳೆಲ್ಲ ಲೆಕ್ಕಕ್ಕೆ ಸಿಕ್ಕು ಹೊಸ ಮನೆ ಸೇರುತ್ತವೆ, ಅಟ್ಟದ ಮೇಲಿನ ಡಬ್ಬಿ ಉಳಿದುಹೋಗುತ್ತದೆ. ನಮಗೆ ಉಳಿದದ್ದು ಹಳೆಯ ಸರ್ವರಿನಲ್ಲಿ ಯಾರೋ ಎಂದೋ ಬರೆದಿಟ್ಟಿದ್ದ, ನಿಗದಿತ ಹೊತ್ತಿಗೆ ತಾನೇ ಕೆಲಸ ಓಡಿಸುವ ಒಂದು ಕ್ರಾನ್ ಸಾಲು. ತಿಂಗಳ ಮೊದಲ ದಿನ ಮಾತ್ರ ಓಡುತ್ತಿದ್ದುದರಿಂದ, ಅದು ಹೋಗಿದೆಯೆಂಬುದು ತಿಳಿಯಲು ತಿಂಗಳೇ ಬೇಕಾಯಿತು.

ಬ್ಯಾಕಪ್ ವಿಷಯದಲ್ಲಿ ನಾನು ಇನ್ನೂ ಹಠಮಾರಿ. ಬ್ಯಾಕಪ್ ಯಶಸ್ವಿಯಾಯಿತೆಂದು ಪ್ರತಿ ರಾತ್ರಿ ಬರುವ ಹಸಿರು ಮಿಂಚಂಚೆಯನ್ನು ನಾನು ನಂಬುವುದಿಲ್ಲ. ಐದು ತಿಂಗಳು ಹಸಿರಾಗಿಯೇ ಬಂದ ಫೈಲುಗಳು ಕೊನೆಗೆ ಖಾಲಿ ಡೈರೆಕ್ಟರಿಯ ಪ್ರತಿಗಳಾಗಿದ್ದುದನ್ನು ನೋಡಿದ್ದೇನೆ. ಮೌಂಟ್ ಆಗದ, ಅಂದರೆ ಯಂತ್ರಕ್ಕೆ ಜೋಡಣೆಯಾಗದ, ಡಿಸ್ಕಿನ ಹಾದಿಯನ್ನು ಸ್ಕ್ರಿಪ್ಟ್ ನಿಷ್ಠೆಯಿಂದ ನಕಲು ಮಾಡುತ್ತಿತ್ತು. ಆದ್ದರಿಂದ ತಿಂಗಳಿಗೊಮ್ಮೆ ಯಾವುದಾದರೊಂದು ಯಂತ್ರವನ್ನು ಚೀಟಿ ಎತ್ತಿ ಆರಿಸಿ, ಅದರ ಬ್ಯಾಕಪ್ಪನ್ನು ಬೇರೊಂದು ಖಾಲಿ ಸರ್ವರಿನಲ್ಲಿ ಪೂರ್ತಿ ಎಬ್ಬಿಸಿ ನೋಡುತ್ತೇವೆ. ಈ ಸಲದ ಚೀಟಿಯನ್ನು ನಿನ್ನೆ ಆ ಹುಡುಗನೇ ಎತ್ತಿದ, ಬಂದದ್ದು ಎಲ್ಲಕ್ಕಿಂತ ದೊಡ್ಡ ಡೇಟಾಬೇಸ್. ಶನಿವಾರ ರಾತ್ರಿ ಹತ್ತಕ್ಕೆ ಶುರು ಮಾಡುತ್ತೇವೆ. ನಮ್ಮ ಸೆಕ್ಟರಿನಲ್ಲಿ ಆ ಹೊತ್ತಿಗೆ ಕರೆಂಟ್ ಹೋಗುವುದುಂಟು, ಇನ್‌ವರ್ಟರ್ ಬ್ಯಾಟರಿಗೆ ನೀರು ಹಾಕಿಟ್ಟಿದ್ದೇನೆ.