ಅಕ್ಕಿ ಡಬ್ಬದ ಹುಳು, ಕಾಲು ಮಿಲಿಮೀಟರ್ ಫೋಕಸ್

ಮ್ಯಾಕ್ರೋ ಫೋಟೋ, ಅಂದರೆ ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ಕಾಣಿಸುವ ಫೋಟೋ ತೆಗೆಯಲು ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಅಡುಗೆಮನೆಯಿಂದ. ಚಿಟ್ಟೆ, ಜೇಡ ಎಲ್ಲ ಆಮೇಲೆ. ಸಾಸಿವೆ, ರಾಗಿ, ದೇವರ ಮನೆಯ ದಾಸವಾಳ, ಅಕ್ಕಿಯಲ್ಲಿ ಸತ್ತು ಬಿದ್ದಿರುವ ಹುಳು – ಇವು ಅಲ್ಲಾಡುವುದಿಲ್ಲ. ಫೋಕಸ್ ಸ್ಟ್ಯಾಕಿಂಗ್ (ಬೇರೆ ಬೇರೆ ಕಡೆ ಫೋಕಸ್ ಮಾಡಿದ ಹಲವು ಫೋಟೋಗಳನ್ನು ಸೇರಿಸಿ ಒಂದು ಮಾಡುವುದು) ಕಲಿಯುವುದಕ್ಕೆ ಅಲ್ಲಾಡದ ವಸ್ತುವೇ ಬೇಕು.

ನಮ್ಮೂರು ಮಲೆನಾಡಿನ ಸಾಗರ. ಜೂನ್ ಬಂತೆಂದರೆ ಹೊರಗೆ ಕ್ಯಾಮೆರಾ ತೆಗೆಯುವ ಹಾಗಿಲ್ಲ. ಮಳೆಗಾಲ ಮುಗಿಯುವವರೆಗೆ ನನ್ನ ಸ್ಟುಡಿಯೋ ಅಂದರೆ ಊಟದ ಮನೆಯ ಮೂಲೆಯ ಒಂದು ಮೇಜು. ಕ್ಯಾಮೆರಾ ಹಳೆಯ ಕ್ಯಾನನ್ ಡಿಎಸ್ಎಲ್ಆರ್, ಜೊತೆಗೆ 50 ಮಿ.ಮೀ ಲೆನ್ಸು. ಮ್ಯಾಕ್ರೋ ಲೆನ್ಸ್ ನನ್ನ ಹತ್ತಿರ ಇಲ್ಲ. ಶುರುವಿಗೆ ಅದು ಬೇಕಾಗಿಯೂ ಇಲ್ಲ.

ಬೇಕಾಗಿರುವುದು ಎಕ್ಸ್‌ಟೆನ್ಷನ್ ಟ್ಯೂಬ್. ಒಳಗೆ ಗಾಜಿಲ್ಲದ ಬರೀ ಬಳೆಗಳು. ಲೆನ್ಸನ್ನು ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್‌ನಿಂದ ದೂರ ಸರಿಸುವುದಷ್ಟೇ ಇವುಗಳ ಕೆಲಸ. ಲೆಕ್ಕವೂ ಸುಲಭ: ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಎಷ್ಟು ಪಟ್ಟು ಜಾಸ್ತಿ ಆಯಿತು ಅನ್ನುವುದು ಸಿಗುತ್ತದೆ. 12, 20, 36 ಮಿ.ಮೀ – ಮೂರನ್ನೂ ಜೋಡಿಸಿದರೆ 68. 50 ಮಿ.ಮೀ ಲೆನ್ಸಿಗೆ ಅಂದರೆ 1.36 ಪಟ್ಟು. ಲೆನ್ಸ್ ತಾನಾಗಿಯೇ ಕೊಡುವ 0.21 ಪಟ್ಟನ್ನೂ ಸೇರಿಸಿದರೆ ಒಂದೂವರೆ ದಾಟುತ್ತದೆ. ಕೊಳ್ಳುವಾಗ ಒಳಗೆ ಎಲೆಕ್ಟ್ರಿಕ್ ಪಿನ್ನುಗಳು ಇರುವುದನ್ನೇ ಕೊಳ್ಳಿ. ಪಿನ್ನಿಲ್ಲದ ಅಗ್ಗದ ಟ್ಯೂಬಿನಲ್ಲಿ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ತೂತು) ಬದಲಿಸಲು ಆಗುವುದಿಲ್ಲ.

ಇನ್ನೂ ಅಗ್ಗದ ದಾರಿ ರಿವರ್ಸ್ ರಿಂಗ್. ಕ್ಯಾಮೆರಾ ಜೊತೆ ಬಂದ 18-55 ಲೆನ್ಸನ್ನೇ ತಿರುಗುಮುರುಗು ಹಾಕುವುದು. ಝೂಮನ್ನು 18ರ ಕಡೆ ತಿರುಗಿಸಿದಷ್ಟೂ ವಸ್ತು ದೊಡ್ಡದಾಗುತ್ತದೆ. ಕ್ಯಾನನ್‌ನಲ್ಲಿ ಇದಕ್ಕೊಂದು ಉಪಾಯ ಇದೆ. ಲೆನ್ಸನ್ನು ಸರಿಯಾಗಿ ಹಾಕಿ, ಅಪರ್ಚರನ್ನು ಎಫ್/8ಕ್ಕೆ ಇಟ್ಟು (ಎಫ್ ಸಂಖ್ಯೆ ದೊಡ್ಡದಾದಷ್ಟೂ ತೂತು ಸಣ್ಣದು), ಡೆಪ್ತ್ ಆಫ್ ಫೀಲ್ಡ್ (ಸ್ಪಷ್ಟವಾಗಿ ಕಾಣುವ ಆಳ) ನೋಡುವ ಗುಂಡಿ ಒತ್ತಿ ಹಿಡಿದುಕೊಂಡೇ ಲೆನ್ಸ್ ಬಿಚ್ಚಿದರೆ ಅಪರ್ಚರ್ ಅಲ್ಲೇ ನಿಂತುಬಿಡುತ್ತದೆ.

ಇಷ್ಟು ಹತ್ತಿರ ಹೋದ ಮೇಲೆ ಕಷ್ಟ ಶುರುವಾಗುತ್ತದೆ. ಒಂದೂವರೆ ಪಟ್ಟಿನಲ್ಲಿ ಎಫ್/5.6 ಇಟ್ಟರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಕಾಲು ಮಿಲಿಮೀಟರ್ ಮಾತ್ರ. ಅಕ್ಕಿ ಹುಳು ಮೂರು ಮಿಲಿಮೀಟರ್ ಉದ್ದ ಇರುತ್ತದೆ. ಎದುರಿನಿಂದ ನೋಡಿದರೆ ಮೂತಿ ಸ್ಪಷ್ಟ, ಕಣ್ಣು ಮಸುಕು. ತೂತು ಸಣ್ಣದಾದಷ್ಟೂ ಆಳ ಜಾಸ್ತಿ, ಎಫ್/16ಕ್ಕೆ ಇಳಿಸಿದರೆ ಆಯಿತಲ್ಲ ಅನ್ನಿಸಬಹುದು. ಆದರೆ ಈ ದೂರದಲ್ಲಿ ಎಫ್/16 ನಿಜಕ್ಕೂ ಎಫ್/40ರ ಹಾಗೆ ವರ್ತಿಸುತ್ತದೆ. ಬೆಳಕು ಆ ಸಣ್ಣ ತೂತಿನಲ್ಲಿ ಚದುರಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಅದಕ್ಕೇ ಎಫ್/5.6ರಲ್ಲೇ ನಿಂತು, ಬಾಳೆಕಾಯಿ ಚಿಪ್ಸಿಗೆ ಹೆಚ್ಚಿದ ಹಾಗೆ ಹುಳುವನ್ನು ತೆಳು ತೆಳು ಬಿಲ್ಲೆಗಳಾಗಿ ಫೋಟೋ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದು ಮಾಡುವುದು. ಫೋಕಸ್ ಸ್ಟ್ಯಾಕಿಂಗ್ ಅಂದರೆ ಇಷ್ಟೇ.

ಬಿಲ್ಲೆಗಳು ಒಂದರ ಮೇಲೊಂದು ಸ್ವಲ್ಪ ಏರಿರಬೇಕು. ಆಳ ಕಾಲು ಮಿಲಿಮೀಟರ್ ಇದ್ದರೆ ನಾನು 0.2 ಮಿ.ಮೀ.ನಂತೆ ಮುಂದೆ ಹೋಗುತ್ತೇನೆ. ಹುಳುವಿನ ಪೂರ್ತಿ ಉದ್ದಕ್ಕೆ ಹದಿನೈದು, ಹಿಂದೆ ಮುಂದೆ ಸೇರಿ ಇಪ್ಪತ್ತು ಫೋಟೋ. 1:1 (ವಸ್ತು ಸೆನ್ಸರ್ ಮೇಲೆ ತನ್ನ ನಿಜ ಅಳತೆಯಲ್ಲೇ ಬೀಳುವುದು, ಅಂದರೆ ಒಂದು ಪಟ್ಟು) ಒಳಗೆ ಇದ್ದರೆ ಲೆನ್ಸಿನ ಫೋಕಸ್ ರಿಂಗ್ ತಿರುಗಿಸಿಯೇ ಮಾಡಬಹುದು. ಅದಕ್ಕಿಂತ ಜಾಸ್ತಿಯಾದರೆ ಫೋಕಸಿಂಗ್ ರೈಲ್, ಅಂದರೆ ಕ್ಯಾಮೆರಾವನ್ನೇ ಚೂರು ಚೂರು ಹಿಂದೆ ಮುಂದೆ ಸರಿಸುವ ಪಟ್ಟಿ ಒಳ್ಳೆಯದು. ಹಲ್ಲುಪಟ್ಟಿ ಇರುವ ರೈಲ್ ಬೇಡ, ಉದ್ದ ಸ್ಕ್ರೂ ಇರುವುದನ್ನು ನೋಡಿ. ಒಂದು ಸುತ್ತಿಗೆ ಒಂದು ಮಿಲಿಮೀಟರ್ ಸರಿಯುವ ಸ್ಕ್ರೂ ಆದರೆ ಐದನೇ ಒಂದು ಸುತ್ತು ನಮ್ಮ ಹೆಜ್ಜೆ. ಸ್ಕ್ರೂ ತಿರುಗಿಸುವ ಗುಂಡಿಯ ಸುತ್ತ ಬಿಳಿ ಟೇಪ್ ಅಂಟಿಸಿ ಐದು ಗೆರೆ ಎಳೆದುಕೊಂಡರೆ ಸಾಕು.

ಈಗ ಹುಳುವಿನ ವಿಷಯ. ಅಮ್ಮ ಅಕ್ಕಿ ಮೊರಕ್ಕೆ ಹಾಕುವಾಗ ಸತ್ತ ಹುಳುಗಳನ್ನು ನನಗಾಗಿ ಒಂದು ಬೆಂಕಿಪೊಟ್ಟಣದಲ್ಲಿ ಎತ್ತಿಡುತ್ತಾರೆ. "ತಗಳಾ, ನಿನ್ನ ಹುಳ" ಅಂತ ಕೊಡುತ್ತಾರೆ. ಬರಿಗಣ್ಣಿಗೆ ಕಂದು ಚುಕ್ಕೆ. ಹತ್ತಿರದಿಂದ ನೋಡಿ! ಉದ್ದ ಸೊಂಡಿಲು, ಅದರ ಬುಡದಲ್ಲಿ ಮೊಣಕೈ ಮಡಚಿದಂಥ ಮೀಸೆ, ಬೆನ್ನ ತುಂಬ ಸಾಲು ಸಾಲು ಗುಳಿ, ರೆಕ್ಕೆಯ ಕವಚದ ಮೇಲೆ ನಾಲ್ಕು ಕೆಂಪುಗಂದು ಮಚ್ಚೆ. ಹೆಣ್ಣುಹುಳು ಆ ಸೊಂಡಿಲಿನ ತುದಿಯ ಬಾಯಿಂದಲೇ ಅಕ್ಕಿಕಾಳು ಕೊರೆದು, ಮೊಟ್ಟೆ ಇಟ್ಟು, ತೂತು ಮುಚ್ಚುತ್ತದೆ. ಮರಿ ಕಾಳಿನೊಳಗೇ ತಿಂದು ಬೆಳೆದು, ದೊಡ್ಡದಾದ ಮೇಲೆ ಹೊರಗೆ ಬರುತ್ತದೆ. ಹಾಗಾಗಿ ತೂತು ಬಿದ್ದ ಕಾಳನ್ನೂ ಎಸೆಯಬೇಡಿ, ಹುಳುವಿನ ಪಕ್ಕದಲ್ಲಿಡಿ. ಒಂದೇ ಚಿತ್ರದಲ್ಲಿ ಇಡೀ ಕಥೆ ಬರುತ್ತದೆ.

ಒಣಗಿದ ಹುಳುವಿನ ಕಾಲು ಮುಟ್ಟಿದರೆ ಮುರಿಯುತ್ತದೆ. ಒದ್ದೆ ಹತ್ತಿ ಇಟ್ಟ ಡಬ್ಬದಲ್ಲಿ ಒಂದು ರಾತ್ರಿ ಮುಚ್ಚಿಟ್ಟರೆ ಮೆತ್ತಗಾಗುತ್ತದೆ. ಅದಕ್ಕಿಂತ ಜಾಸ್ತಿ ಇಟ್ಟರೆ ಬೂಷ್ಟು ಬರುತ್ತದೆ. ಆಮೇಲೆ ಸಣ್ಣ ಬ್ರಷ್‌ನಿಂದ ಧೂಳು ತೆಗೆದು, ಗುಂಡುಸೂಜಿಯ ತುದಿಗೆ ಒಂಚೂರು ಅಂಟು ಹಚ್ಚಿ ಕೂರಿಸಿ. ಧೂಳು ತೆಗೆಯಲು ಬೇಜಾರು ಮಾಡಿಕೊಳ್ಳಬೇಡಿ. ಬರಿಗಣ್ಣಿಗೆ ಕಾಣದ ಒಂದು ಎಳೆ ಚಿತ್ರದಲ್ಲಿ ಹಗ್ಗದಷ್ಟು ದಪ್ಪಗೆ ಬರುತ್ತದೆ.

ಬೆಳಕಿಗೆ ನಾನು ತುಂಬ ಹೊತ್ತು ಕೊಡುತ್ತೇನೆ. ಹುಳುವಿನ ಬೆನ್ನು ಹೊಳೆಯುತ್ತದೆ, ನೇರ ಬೆಳಕು ಬಿದ್ದರೆ ಬಿಳಿ ಕಲೆ ಮಾತ್ರ ಕಾಣುತ್ತದೆ. ಟೀ ಕುಡಿಯುವ ಪೇಪರ್ ಲೋಟದ ತಳ ಕತ್ತರಿಸಿ, ಕೊಳವೆ ಮಾಡಿ ಹುಳುವಿನ ಸುತ್ತ ನಿಲ್ಲಿಸಿ. ಹೊರಗಿನಿಂದ ಎರಡು ಟೇಬಲ್ ಲ್ಯಾಂಪ್ ಬಿಡಿ. ಲೋಟವೇ ಬೆಳಕನ್ನು ಮೃದು ಮಾಡುತ್ತದೆ. ಗುಳಿಗಳು, ಕೂದಲು, ಮಚ್ಚೆಯ ಬಣ್ಣ ಆಗ ಕಾಣುತ್ತವೆ.

ಐಎಸ್ಒ 100, ಎಲ್ಲವೂ ಮ್ಯಾನ್ಯುವಲ್. ವೈಟ್ ಬ್ಯಾಲೆನ್ಸ್ ಕೂಡ ಆಟೋ ಬೇಡ, ಫೋಟೋದಿಂದ ಫೋಟೋಗೆ ಬಣ್ಣ ಬದಲಾದರೆ ಜೋಡಿಸುವಾಗ ತೊಂದರೆ. ಲೈವ್ ವ್ಯೂ, ಎರಡು ಸೆಕೆಂಡಿನ ಟೈಮರ್. ಫ್ಯಾನ್ ಆರಿಸಿ. ಪಕ್ಕದಲ್ಲಿ ಮಿಕ್ಸಿ, ಗ್ರೈಂಡರ್ ತಿರುಗುತ್ತಿದ್ದರೆ ಅದು ನಿಲ್ಲುವವರೆಗೆ ಕಾಯಿರಿ. ನಾನು ರಾತ್ರಿ ಎಲ್ಲರೂ ಮಲಗಿದ ಮೇಲೆ ಕೂರುವುದು ಇದಕ್ಕೇ.

ಫೋಟೋಗಳನ್ನು ಜೋಡಿಸಲು ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ಎಂಬ ಸಾಫ್ಟ್‌ವೇರ್ ಇವೆ, ದುಡ್ಡು ಕೊಡಬೇಕು. ಹ್ಯೂಗಿನ್ ಎಂಬ ಇನ್ನೊಂದು ಸಾಫ್ಟ್‌ವೇರ್ ಜೊತೆ ಬರುವ ಅಲೈನ್ ಇಮೇಜ್ ಸ್ಟ್ಯಾಕ್ ಮತ್ತು ಎನ್‌ಫ್ಯೂಸ್ ಉಚಿತ, ಶುರುವಿಗೆ ಧಾರಾಳ ಸಾಕು. ಎನ್‌ಫ್ಯೂಸ್‌ನಲ್ಲಿ ಎಕ್ಸ್‌ಪೋಷರ್ ಮತ್ತು ಸ್ಯಾಚುರೇಷನ್ ತೂಕವನ್ನು ಸೊನ್ನೆ ಮಾಡಿ, ಕಾಂಟ್ರಾಸ್ಟ್ ತೂಕವನ್ನು 1 ಮಾಡಿ, ಹಾರ್ಡ್ ಮಾಸ್ಕ್ (ಪ್ರತಿ ಜಾಗಕ್ಕೂ ಅತಿ ಸ್ಪಷ್ಟವಾದ ಒಂದೇ ಫೋಟೋವನ್ನು ಆರಿಸುವ ಆಯ್ಕೆ) ಹಾಕಬೇಕು. ಝೆರೀನ್‌ನಲ್ಲಿ ಎರಡು ವಿಧಾನ ಇವೆ. ಒಂದರ ಮೇಲೊಂದು ಹಾಯುವ ಕೂದಲು, ಮೀಸೆಗೆ ಪಿಮ್ಯಾಕ್ಸ್ ಒಳ್ಳೆಯದು. ನುಣುಪು ಮೈ, ನಿಜ ಬಣ್ಣಕ್ಕೆ ಡಿಮ್ಯಾಪ್. ಜೋಡಿಸಿದ ಚಿತ್ರದಲ್ಲಿ ಚುಕ್ಕೆಗಳ ಸಾಲು ಕಂಡರೆ ಅದು ಸೆನ್ಸರ್ ಮೇಲಿನ ಧೂಳು. ಪ್ರತಿ ಫೋಟೋದಲ್ಲೂ ಒಂಚೂರು ಜಾಗ ಬದಲಿಸುವುದರಿಂದ ಸಾಲಾಗಿ ಕಾಣುತ್ತದೆ.

ಮಲೆನಾಡಿನವರಿಗೆ ಒಂದು ಮಾತು: ಕೆಲಸ ಮುಗಿದ ಕೂಡಲೇ ಲೆನ್ಸು, ಟ್ಯೂಬು ಎಲ್ಲವನ್ನೂ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿ ಆದರೆ ಬಿಸಿ ಮಾಡಿ ಒಣಗಿಸಿ.

ಫೋಟೋ ಚೆನ್ನಾಗಿ ಬರಲಿ ಅಂತ ಜೀವಂತ ಹುಳುವನ್ನು ಫ್ರಿಜ್‌ನಲ್ಲಿ ಇಡುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಕಿಟಕಿಯ ಅಂಚಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ ತಾವಾಗಿಯೇ ಸತ್ತು ಬಿದ್ದವು ಬೇಕಾದಷ್ಟು ಸಿಗುತ್ತವೆ. ಮೊದಲ ಮಳೆಯ ಮರುದಿನ ಮಳೆಹುಳುಗಳ ಉದುರಿದ ರೆಕ್ಕೆಗಳಂತೂ ಮನೆ ತುಂಬ. ಗೋಡೆಯ ಮೇಲೆ ಜಿಗಿಯುವ ಜೇಡ ಕಂಡರೆ ಸ್ಟ್ಯಾಕಿಂಗ್ ಮರೆತುಬಿಡಿ. ಫ್ಲ್ಯಾಶ್ ಹಾಕಿ ಒಂದೇ ಫೋಟೋ ತೆಗೆಯಿರಿ, ಫೋಕಸ್ ಮುಂದಿನ ಎರಡು ದೊಡ್ಡ ಕಣ್ಣಿಗೆ ಇರಲಿ. ಉಳಿದ ಆರು ಮಸುಕಾದರೂ ಪರವಾಗಿಲ್ಲ.